ಮುಚ್ಚಿ ಹೊಲಿದ ಹಿಂದಿನ ಸೀಟು

ನನ್ನ ಅಣ್ಣನನ್ನು ಟ್ಯಾಕ್ಸಿಯವರೆಲ್ಲ ಸೀಟ್ ಮೇಷ್ಟ್ರು ಎಂದು ಕರೆಯುತ್ತಾರೆ. ಅವನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ; ಏಳನೇ ಕ್ಲಾಸಿಗೇ ಪುಸ್ತಕಕ್ಕೆ ಕೈಮುಗಿದವನು. ಕಾರುಗಳ ಸೀಟಿಗೆ ಕವರ್ ಹೊಲಿಯುವುದು ಅವನ ಕಸುಬು. ಕವರ್ ಹಾಕಿಸಲು ಬಂದವರು ಎರಡು ಮೂರು ಗಂಟೆ ಅಂಗಡಿಯಲ್ಲಿ ಕಾಯಬೇಕಾಗುತ್ತದಲ್ಲ, ಅಷ್ಟು ಹೊತ್ತೂ ಅವನು ಅವರನ್ನು ಬಿಡದೆ ಕೂರಿಸಿಕೊಂಡು ಪಾಠ ಹೇಳುತ್ತಾನೆ. ತುಟಿಯಲ್ಲಿ ಸೂಜಿ ಕಚ್ಚಿಕೊಂಡಿದ್ದರೂ ಮಾತು ನಿಲ್ಲುವುದಿಲ್ಲ. ಪಕ್ಕದ ಮಿಷನ್ನಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿರುವ ನನಗೆ ಆ ಪಾಠ ಬಾಯಿಗೆ ಬರುತ್ತದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಪಾಠದ ಸಾರ ಒಂದೇ. ಮನುಷ್ಯನಿಗೆ ಹೀಗೇ ಕೂರು, ಹೀಗೇ ಏಳು ಎಂದು ಇನ್ನೊಬ್ಬ ಹೇಳಬಾರದು.

"ನನ್ನ ಮೈ ನನ್ನದು, ನನ್ನ ಗಾಡಿ ನನ್ನದು. ಒಳಗೆ ಕೂತು ಬೆಲ್ಟ್ ಕಟ್ಕೋತೀನೋ ಬಿಡ್ತೀನೋ, ಸರ್ಕಾರಕ್ಕೇನು? ಸತ್ರೆ ನಾನು ಸಾಯ್ತೀನಿ. ಅವರಪ್ಪನ ಗಂಟೇನು ಹೋಗುತ್ತೆ?"

ಕಾಯುತ್ತಾ ಕೂತವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ತಮ್ಮ ಕಾರಿನ ಸೀಟು ಅವನ ಕೈಯಲ್ಲಿರುವಾಗ ಇಲ್ಲ ಎನ್ನುವವರು ಯಾರು?

ಅವನಿಗೆ ಈ ಹುಚ್ಚು ಹತ್ತಿದ್ದು ಸುಮ್ಮನೆ ಅಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಅವನು ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಸೀಟು ಹೊಲಿಯುತ್ತಿದ್ದ. ಅಲ್ಲಿ ಹೊರಗೆ ಹೋಗಿ ಬರಬೇಕೆಂದರೂ ಮೇಸ್ತ್ರಿಯ ಹತ್ತಿರ ಒಂದು ಹಿತ್ತಾಳೆ ಬಿಲ್ಲೆ ಕೇಳಿ ಪಡೆಯಬೇಕಿತ್ತು. ದಿನಕ್ಕೆ ಎರಡೇ ಸಲ. ಒಂದು ದಿನ ಜ್ವರದಲ್ಲಿ ಕೆಲಸಕ್ಕೆ ಹೋದವನು ಮೂರನೇ ಸಲ ಕೇಳಿದ. ಮೇಸ್ತ್ರಿ ಕೊಡಲಿಲ್ಲ. ನಲವತ್ತು ಜನರ ಮುಂದೆ ಅಣ್ಣನ ಪ್ಯಾಂಟು ಒದ್ದೆಯಾಯಿತು. ಆ ದಿನವೇ ಕೆಲಸ ಬಿಟ್ಟು ಬಂದ. ಇದನ್ನು ನನ್ನೊಬ್ಬಳಿಗೆ ಹೇಳಿದ್ದಾನೆ, ಹೆಂಡತಿಗೂ ಹೇಳಿಲ್ಲ. ಅಂದಿನಿಂದ 'ಮಾಡಲೇಬೇಕು' ಎಂಬ ಮಾತು ಯಾರ ಬಾಯಿಂದ ಬಂದರೂ ಅವನ ಕಿವಿ ಕೆಂಪಾಗುತ್ತದೆ. ಅದಕ್ಕೇ ಅವನನ್ನು ಎಷ್ಟೋ ವರ್ಷ ನಾನು ಬಯ್ಯದೆ ಸಹಿಸಿಕೊಂಡೆ.

ಆದರೆ ಇಷ್ಟು ದೊಡ್ಡ ಸ್ವಾತಂತ್ರ್ಯ ನಮ್ಮ ಅಂಗಡಿಯ ಹಿಂಬಾಗಿಲಿನವರೆಗೆ ಮಾತ್ರ. ಆ ಬಾಗಿಲು ದಾಟಿದರೆ ಮನೆ. ಅಲ್ಲಿ ಕಿಟಕಿಗೆ ಯಾವ ಬಣ್ಣದ ಪರದೆ, ಅತ್ತಿಗೆ ಯಾವ ಡಾಕ್ಟರ ಹತ್ತಿರ ಕಣ್ಣು ತೋರಿಸಬೇಕು, ನಾನು ಯಾವ ಮಿಷನ್ನಿನಲ್ಲಿ ಕೂರಬೇಕು, ಎಲ್ಲ ಅವನದೇ ತೀರ್ಮಾನ. ಕೆಟ್ಟವನಲ್ಲ. ಕೇಳಬೇಕು ಎನ್ನುವುದೇ ಹೊಳೆಯದವನು.

ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸಿದವರಿಲ್ಲ. ಹಿಂದಿನ ಸೀಟಿಗೆ ಅವನು ಹಾಕುವ ಕವರಿನಲ್ಲಿ ಒಂದು ಸುಕ್ಕು ಕಾಣುವುದಿಲ್ಲ. ಒಂದೇ ತುಂಡು ರೆಕ್ಸಿನ್ನು, ಡೋಲಿನ ಚರ್ಮದ ಹಾಗೆ ಬಿಗಿ. ಆ ಬಿಗಿಯ ಗುಟ್ಟು ಏನೆಂದರೆ ಅದರಲ್ಲಿ ಒಂದು ತೂತೂ ಇಲ್ಲದಿರುವುದು. ಕಾರು ಕಂಪನಿಯವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಸಿಕ್ಕಿಸುವ ಮೂರು ಬಕಲ್ಲು ಕೊಟ್ಟಿರುತ್ತಾರೆ. ಅವು ಹೊರಗೆ ಬರಬೇಕಾದರೆ ಕವರ್ ಕತ್ತರಿಸಬೇಕು, ಅಂಚಿಗೆ ಪಟ್ಟಿ ಹೊಲಿಯಬೇಕು. ಅಲ್ಲಿಂದಲೇ ಮೊದಲು ಹರಿಯುವುದು, ಅಲ್ಲಿಂದಲೇ ಚೆಲ್ಲಿದ ನೀರು ಒಳಗೆ ಇಳಿಯುವುದು. ಅಣ್ಣ ಏನು ಮಾಡುತ್ತಿದ್ದನೆಂದರೆ ಆ ಮೂರನ್ನೂ ಫೋಮಿನೊಳಕ್ಕೆ ಒತ್ತಿ, ಮೇಲೆ ಕವರ್ ಎಳೆದು, ಕೆಳಗೆ ಬಿಗಿದುಬಿಡುತ್ತಿದ್ದ. ಗಿರಾಕಿಗಳಿಗೂ ಅದೇ ಬೇಕಿತ್ತು. ಕೂತರೆ ಚುಚ್ಚುತ್ತದೆ, ಮಕ್ಕಳು ಮಲಗಲು ಆಗುವುದಿಲ್ಲ ಎನ್ನುತ್ತಿದ್ದರು. ಮುಂದಿನ ಸೀಟಿಗೆ ಇನ್ನೊಂದು ಉಪಕಾರ ಮಾಡುತ್ತಿದ್ದ. ಬೆಲ್ಟ್ ಹಾಕದಿದ್ದರೆ ಕಾರು ಕುಯ್ಯೋ ಎಂದು ಕೂಗುತ್ತದಲ್ಲ, ಅದರ ಬಾಯಿ ಮುಚ್ಚಿಸುವ ಸುಳ್ಳು ಕ್ಲಿಪ್ಪನ್ನು ಪುಕ್ಕಟೆ ಕೊಡುತ್ತಿದ್ದ.

ಈ ಊರಿನ ಅರ್ಧಕ್ಕರ್ಧ ಟ್ಯಾಕ್ಸಿಗಳ ಹಿಂದಿನ ಸೀಟು ನಮ್ಮ ಅಂಗಡಿಯದು. ಅವನು ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆಯುತ್ತಾನೆ, ನಾನು ಹೊಲಿಯುತ್ತೇನೆ. ಆ ಮಾತನ್ನು ನಾನು ನುಂಗಿ ಹೇಳುವುದಿಲ್ಲ. ಹೊಲಿದವಳು ನಾನೇ.

ಹೀಗಿರುವಾಗ ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು ಎಂಬ ಕಾನೂನು ಬಂತು. ಟ್ಯಾಕ್ಸಿ ಸ್ಟ್ಯಾಂಡಿಗೆ ಒಬ್ಬ ಅಧಿಕಾರಿ ಬಂದು ಮೈಕು ಹಿಡಿದು ಒಂದು ಗಂಟೆ ಬುದ್ಧಿ ಹೇಳಿದರು. ಅಣ್ಣ ನನ್ನನ್ನೂ ಕರೆದುಕೊಂಡು ಹೋಗಿದ್ದ. ಭಾಷಣ ಮುಗಿದ ಮೇಲೆ ಅವನು ಕೈಯೆತ್ತಿದ.

"ಸಾರ್, ಬಸ್ಸಲ್ಲಿ ಎಂಬತ್ತು ಜನ ನೇತಾಡ್ಕೊಂಡು ಹೋಗ್ತಾರೆ. ಅವರಿಗೆ ಯಾವ ಬೆಲ್ಟ್ ಕೊಟ್ಟಿದೀರ? ರಸ್ತೆ ತುಂಬ ಗುಂಡಿ. ಗುಂಡಿ ಮುಚ್ಚೋ ಕಾನೂನು ಯಾವಾಗ ಬರುತ್ತೆ?"

ಜನ ಶಿಳ್ಳೆ ಹೊಡೆದರು. ಅಧಿಕಾರಿ ಅದು ಬೇರೆ ಇಲಾಖೆ ಎಂದು ಗಡಿಯಾರ ನೋಡಿಕೊಂಡರು. ಅವರು ಹತ್ತಿ ಹೋದ ಕಾರಿನ ಹಿಂದಿನ ಸೀಟಿನ ಕವರ್ ನಾನೇ ಹೊಲಿದದ್ದು. ಆರು ತಿಂಗಳ ಹಿಂದೆ ಅವರ ಡ್ರೈವರ್ ತಂದು ನಿಲ್ಲಿಸಿದ್ದ. ಮೂರು ಬಕಲ್ಲೂ ಅವರ ಅಡಿಯಲ್ಲೇ ಮಲಗಿದ್ದವು. ಬೇರೆಯವರಿಗೆ ದಂಡ ಹಾಕುವ ಮನುಷ್ಯನಿಗೆ ತನ್ನ ಸೀಟಿನಲ್ಲಿ ಏನಿಲ್ಲ ಎಂಬುದೇ ಗೊತ್ತಿಲ್ಲ. ಅಣ್ಣನ ಮಾತಿನಲ್ಲಿ ನ್ಯಾಯ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಇತ್ತು. ಆ ಹೊತ್ತು ನಾನೂ ಚಪ್ಪಾಳೆ ತಟ್ಟಿದೆ.

ಅದಾಗಿ ಹನ್ನೆರಡು ದಿನಕ್ಕೆ ಅತ್ತಿಗೆ ಕಣ್ಣಿನ ಡಾಕ್ಟರ ಹತ್ತಿರ ಹೊರಟಳು. ಅಣ್ಣ ನಿಧಾನಣ್ಣನ ಟ್ಯಾಕ್ಸಿ ಕರೆಸಿದ. ಆ ಡ್ರೈವರಿಗೆ ಸ್ಟ್ಯಾಂಡಿನವರು ಇಟ್ಟ ಹೆಸರು ಅದು. ನಲವತ್ತೈದರ ಮೇಲೆ ಮುಳ್ಳು ಏರಿಸದ ಮನುಷ್ಯ. ಮನೆ ನಮ್ಮಿಂದ ಎರಡು ಬೀದಿ ಆಚೆ. ಹಾರ್ನ್ ಹೊಡೆಯಲೂ ಸಂಕೋಚಪಡುತ್ತಿದ್ದ.

ಬೆಳಿಗ್ಗೆ ಹತ್ತೂವರೆಗೆ, ನೆಟ್ಟಗಿನ ರಸ್ತೆಯಲ್ಲಿ, ಮುಂದಿದ್ದ ನೀರಿನ ಟ್ಯಾಂಕರು ಗುಂಡಿ ಕಂಡು ಗಕ್ಕನೆ ನಿಂತಿತು. ಟ್ಯಾಕ್ಸಿ ಅದರ ಬೆನ್ನಿಗೆ ಹೋಗಿ ಬಡಿಯಿತು. ನಿಧಾನಣ್ಣ ಬೆಲ್ಟ್ ಹಾಕಿದ್ದ. ಹಿಂದೆ ಅತ್ತಿಗೆ ಹಾಕಿರಲಿಲ್ಲ. ಅತ್ತಿಗೆಯ ಕಾಲರ್ ಮೂಳೆ ಮುರಿಯಿತು, ಬಲಗೈ ಮುರಿಯಿತು, ಗದ್ದಕ್ಕೆ ಒಂಬತ್ತು ಹೊಲಿಗೆ ಬಿತ್ತು. ನಿಧಾನಣ್ಣ ಅಲ್ಲೇ ಹೋಗಿಬಿಟ್ಟ.

ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅಣ್ಣನನ್ನೂ ನನ್ನನ್ನೂ ನಿಲ್ಲಿಸಿಕೊಂಡು ಹೇಳಿದರು. "ಡ್ರೈವರ ಎದೆಗೆ ಏನೂ ಆಗಿಲ್ಲ, ಬೆಲ್ಟ್ ಹಿಡಿದಿದೆ. ಹಿಂದಿನಿಂದ ಬಿದ್ದ ಭಾರಕ್ಕೆ ಸೀಟು ಮುರಿದು ಕುತ್ತಿಗೆ ಹೋಗಿದೆ. ಹಿಂದಿದ್ದವರು ಬೆಲ್ಟ್ ಹಾಕಿದ್ರೆ ಇಬ್ಬರೂ ನಡ್ಕೊಂಡು ಮನೆಗೆ ಹೋಗ್ತಿದ್ರು."

ಅಣ್ಣ ಔಷಧಿಯ ಚೀಟಿ ಇಸಿದುಕೊಂಡು ಮೆಟ್ಟಿಲಿಳಿದು ಹೋದ.

ಗದ್ದದ ಊತ ಇಳಿದು ಬಾಯಿ ತೆರೆಯಲು ಬಂದ ದಿನ ಅತ್ತಿಗೆ ನನ್ನ ಹತ್ತಿರ ಹೇಳಿಕೊಂಡಳು.

"ನಾನು ಹತ್ತಿದ ತಕ್ಷಣ ನಿಧಾನಣ್ಣ ಹೇಳಿದ್ರು ಕಣೇ, ಅಕ್ಕಾ ಬೆಲ್ಟ್ ಹಾಕ್ಕೊಳಿ ಅಂತ. ನಾನು ಪಟ್ಟಿ ಎಳ್ಕೊಂಡೆ. ಸಿಕ್ಕಿಸೋಕೆ ಬಕಲ್ಲೇ ಇಲ್ಲ. ಸೀಟೆಲ್ಲ ತಡಕಾಡಿದೆ. ತೊಡೆ ಕೆಳಗೆ ಗಂಟು ಗಂಟಾಗಿ ಸಿಗುತ್ತೆ, ಕೈಗೆ ಬರಲ್ಲ. ಹೋಗ್ಲಿ ಬಿಡಿ ಅಕ್ಕ, ನಿಧಾನಕ್ಕೆ ಹೋಗ್ತೀನಿ ಅಂದ್ರು. ಆ ಪಟ್ಟಿ ತುದೀನ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ."

ಆಮೇಲೆ ಮುಖ ಗೋಡೆಗೆ ತಿರುಗಿಸಿದಳು. "ನಿಮ್ಮಣ್ಣನಿಗೆ ಹೇಳ್ಬೇಡ. ನೊಂದ್ಕೋತಾರೆ."

ನೊಂದುಕೊಳ್ಳುತ್ತಾನೆ! ನಾನು ಅದೇ ಸಂಜೆ ಅಂಗಡಿಯಲ್ಲಿ ಅವನ ಮುಖಕ್ಕೆ ಹೊಡೆದಂತೆ ಹೇಳಿದೆ. ಅವನು ಕತ್ತರಿ ಹಿಡಿದವನು ಹಾಗೇ ನಿಂತ. "ಗಿರಾಕಿಗಳು ಬೇಡ ಅಂತಾರೆ, ಮುಚ್ತೀವಿ. ನಮ್ಮದೇನಿದೆ ಅದರಲ್ಲಿ?" ಎಂದ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಹದಿನೈದನೇ ದಿನ ಟ್ಯಾಕ್ಸಿ ಸಂಘದವರು ಸಭೆ ಕರೆದರು. ಗೋಡೆಯಲ್ಲಿ ನಿಧಾನಣ್ಣನ ಫೋಟೋ. ಸಂಘದ ಕಾರ್ಯದರ್ಶಿ ಎದ್ದು ನಿಂತು ಮೇಜು ಗುದ್ದಿದ.

"ಬೆಲ್ಟ್ ಹಾಕಿದವನು ಸತ್ತ, ಹಾಕದೆ ಕೂತವರು ಬದುಕಿದ್ರು! ಇದಕ್ಕಿಂತ ಸಾಕ್ಷಿ ಬೇಕಾ? ನಮ್ಮ ನಿಧಾನಣ್ಣನ್ನ ಕೊಂದಿದ್ದು ಈ ಬೆಲ್ಟು, ಈ ಕಾನೂನು! ಬೇಕಾದ್ರೆ ಮೇಷ್ಟ್ರನ್ನ ಕೇಳಿ, ಅವರ ಮನೆಯವರೇ ಗಾಡೀಲಿದ್ರು."

ಇಡೀ ಸಭೆ ಅಣ್ಣನ ಕಡೆ ತಿರುಗಿತು. ಡಾಕ್ಟರ ಮಾತು ಕೇಳಿದ್ದ ಕಿವಿ ಅವನದು. ಅವನು ಎದ್ದು ಕೈಮುಗಿದು, "ಹೌದು, ನಮ್ಮನೆಯವಳು ಬದುಕಿದಳು" ಎಂದು ಕೂತುಬಿಟ್ಟ. ಚಪ್ಪಾಳೆ. ಮಾರನೆಯ ದಿನವೇ 'ಬೆಲ್ಟು ಬಲಿ ತೆಗೆದುಕೊಂಡಿತು' ಎಂಬ ಹಾಳೆ ಸ್ಟ್ಯಾಂಡಿನ ಕಂಬಕ್ಕೆಲ್ಲ ಅಂಟಿತು.

"ನಾಚಿಕೆ ಆಗಲ್ವಾ ನಿನಗೆ?" ಎಂದೆ.

"ನಾನೆಲ್ಲಿ ಸುಳ್ಳು ಹೇಳಿದೆ? ಅವಳು ಬದುಕಿದ್ದು ಸುಳ್ಳಾ?"

"ಅವನು ಹೇಗೆ ಸತ್ತ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿ ಏನಾಗ್ಬೇಕು? ನಿಮ್ಮತ್ತಿಗೇನ ಕೊಲೆಗಾರ್ತಿ ಅಂತ ಊರ ಮುಂದೆ ನಿಲ್ಲಿಸ್ಲಾ? ಸುಮ್ನಿರೇ ನೀನು."

ಅತ್ತಿಗೆಯ ಹೆಸರನ್ನು ಅಡ್ಡ ಇಟ್ಟುಕೊಂಡು ತನ್ನ ಕಸುಬಿನ ಹೆಸರು ಉಳಿಸಿಕೊಳ್ಳುತ್ತಿದ್ದ. ಅಂದಿನಿಂದ ದಿನಾ ಜಗಳ. ಅವನು ಒಂದು ಮಾತಾಡಿದರೆ ನಾನು ಹತ್ತು ಮಾತಾಡುತ್ತಿದ್ದೆ. ಹೊಸ ಕವರುಗಳಿಗೆ ಬಕಲ್ಲಿನ ತೂತು ಗುರುತು ಮಾಡದಿದ್ದರೆ ಹೊಲಿಯುವುದಿಲ್ಲ ಎಂದು ಮಿಷನ್ ನಿಲ್ಲಿಸಿದೆ. ಅವನು ತುಟಿ ಬಿಗಿದುಕೊಂಡು ಗುರುತು ಮಾಡಿದ. ಗೆದ್ದೆ ಎಂದುಕೊಂಡೆ.

ಇಪ್ಪತ್ತೊಂದನೇ ದಿನ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಒಂದು ಶಾಲಾ ವ್ಯಾನು ಅಂಗಡಿಯ ಮುಂದೆ ಬಂದು ನಿಂತಿತು. ಓಡಿಸಿಕೊಂಡು ಬಂದವಳು ನಿಧಾನಣ್ಣನ ಮಗಳು, ಆ ವ್ಯಾನಿನ ಡ್ರೈವರು. ಅವಳು ಕೀಲಿ ಸೀಟಿನ ಮೇಲೆ ಎಸೆದು ನಮ್ಮ ಯಾರ ಮುಖವನ್ನೂ ನೋಡದೆ ನಡೆದುಹೋದಳು. ಪಕ್ಕದ ಸೀಟಿನಿಂದ ಇಳಿದವಳು ಅವಳ ತಾಯಿ. ಅದೇ ಶಾಲೆಯಲ್ಲಿ ಆಯಾ. ಮೈ ಅರ್ಧ ಇಳಿದುಹೋಗಿತ್ತು.

ನಾನು ಎದ್ದು ಕುರ್ಚಿ ಕೊಟ್ಟೆ. ಕೂರಲಿಲ್ಲ.

"ಮೇಷ್ಟ್ರೆ, ಒಂದು ಕೆಲಸ ಆಗ್ಬೇಕಿತ್ತು. ಮೂರೂವರೆಗೆ ಸ್ಕೂಲ್ ಬಿಡುತ್ತೆ, ಅಷ್ಟರಲ್ಲಿ ಮಾಡಿಕೊಡಿ. ಈ ವ್ಯಾನಿನ ಬೆಲ್ಟ್ ಎಲ್ಲ ಬಿಚ್ಚಿಹಾಕಿ."

ಅಣ್ಣ ಬಾಗಿಲು ತೆಗೆದು ನೋಡಿದ. ಡ್ರೈವರ್ ಸೀಟಿನ ಬೆಲ್ಟು ಆಗಲೇ ತುಂಡಾಗಿತ್ತು. ಮನೆಯ ಕತ್ತರಿಯಲ್ಲಿ ಕುಯ್ದ ಹಾಗೆ ಅಂಚೆಲ್ಲ ಎಳೆ ಎಳೆಯಾಗಿ ಬಾಗಿಲ ಪಕ್ಕದ ಕಂಬಕ್ಕೆ ಜೋತುಬಿದ್ದಿತ್ತು.

"ನಾನೇ ಕತ್ತರಿಸಿದೆ" ಎಂದಳು. "ಮಗಳು ನನ್ನ ಹತ್ರ ಮಾತು ಬಿಟ್ಟಿದಾಳೆ. ಬಿಟ್ರೆ ಬಿಡ್ಲಿ, ಜೀವ ಉಳಿದ್ರೆ ಸಾಕು. ಹಿಂದೆ ಮಕ್ಕಳ ಸೀಟಲ್ಲೂ ಹನ್ನೆರಡು ಬೆಲ್ಟ್ ಇದೆ. ಅವನ್ನೂ ತೆಗೆದುಬಿಡಿ. ಯಾರ ಮಗೂಗೂ ಹಂಗಾಗೋದು ಬೇಡ."

ಅಣ್ಣ ನನ್ನ ಕಡೆ ನೋಡಲಿಲ್ಲ. ಗಿರಾಕಿ ಕೇಳಿದ್ದು, ಗಿರಾಕಿಯ ಗಾಡಿ, ಗಿರಾಕಿಯ ಇಷ್ಟ. ಅವನ ಪಾಠದ ಪ್ರಕಾರ ಇದರಲ್ಲಿ ಒಂದು ತಪ್ಪೂ ಇಲ್ಲ. ಗೋಡೆಯಿಂದ ಸ್ಪ್ಯಾನರ್ ತೆಗೆದುಕೊಂಡ. ವ್ಯಾನಿನೊಳಗೆ ಮೊಣಕಾಲೂರಿ ಮೊದಲ ಸೀಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದ. ಒಂದು ಬೋಲ್ಟು ಕೈಗೆ ಬಂತು. ಎರಡನೆಯದಕ್ಕೆ ಹಾಕಿದ.

ಅಷ್ಟು ಹೊತ್ತೂ ಆಯಮ್ಮ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. "ದಿನಾ ಬೆಳಿಗ್ಗೆ ಬಾಗಿಲ ಹತ್ರ ನಿಂತು ನಾನೇ ಹಾಕಿಸ್ತಿದ್ದೆ. ಟಕ್ ಅಂತ ಸದ್ದು ಬರೋವರ್ಗೂ ಬಿಡ್ತಿರಲಿಲ್ಲ. ಅವರಿಗೆ ಸೆಕೆ, ಬೇಡ ಅಂತಿದ್ರು. ನಾನು ಬಿಟ್ಟಿದ್ರೆ... ನಾನೇ ಅಲ್ವಾ ಕಟ್ಟಿ ಕಳಿಸಿದ್ದು? ಈ ಕೈಯಾರೆ."

ಹಿಂಬಾಗಿಲು ಕಿರುಗುಟ್ಟಿತು. ಅತ್ತಿಗೆ ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಬೆಲ್ಟ್ ಅಲ್ಲಮ್ಮ" ಎಂದಳು. "ನಾನು. ನಾನು ಅವರ ಮೇಲೆ ಹೋಗಿ ಬಿದ್ದೆ. ಬೆಲ್ಟ್ ಅವರನ್ನ ಹಿಡ್ಕೊಂಡಿತ್ತು. ನನ್ನನ್ನ ಹಿಡಿಯೋಕೆ ಏನೂ ಇರಲಿಲ್ಲ."

ಆಯಮ್ಮ ಅವಳ ಕಡೆ ತಿರುಗಿದಳು. "ನೀವ್ಯಾಕೆ ಹಾಕ್ಕೊಳ್ಲಿಲ್ಲ?"

ಅತ್ತಿಗೆ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದಿಂದ ಗಂಡನ ಮೇಲೆ ಒಂದು ಮಾತು ಬೀಳದ ಹಾಗೆ ನೋಡಿಕೊಂಡವಳು, ಕೊಲೆಯ ಮಾತನ್ನು ತನ್ನ ತಲೆಗೇ ಕಟ್ಟಿಕೊಂಡಾಳೇ ಹೊರತು ಹೇಳುವುದಿಲ್ಲ. ನಾನೇ ಹೇಳಬೇಕೆಂದು ಎದ್ದೆ.

ವ್ಯಾನಿನೊಳಗಿಂದ ಅಣ್ಣನ ದನಿ ಬಂತು. ತಲೆ ಇನ್ನೂ ಸೀಟಿನ ಕೆಳಗೇ ಇತ್ತು.

"ಅವಳಿಗೆ ಸಿಗಲಿಲ್ಲ. ನಾನು ಮುಚ್ಚಿಬಿಟ್ಟಿದ್ದೆ, ಬಕಲ್ಲೆಲ್ಲ ಕವರ್ ಕೆಳಗೆ. ನಿಮ್ಮ ಯಜಮಾನ್ರು ತೂತು ಬಿಡಿ ಅಂತ ಕೇಳಿದ್ರು. ಎರಡು ಸಲ ಕೇಳಿದ್ರು. ಹಿಂದೆ ಯಾರ್ರೀ ಹಾಕ್ಕೋತಾರೆ, ಸೀಟಿನ ಅಂದ ಹಾಳು ಅಂತ ನಗಾಡಿ ಕಳಿಸಿದೆ. ಅವರು ಜಗಳ ಆಡೋ ಜನ ಅಲ್ಲ. ಹೋದ್ರು."

ನಿಧಾನಣ್ಣ ಕೇಳಿದ್ದನಂತೆ. ಗಿರಾಕಿಗಳು ಬೇಡ ಅಂತಾರೆ ಎಂದು ನನ್ನ ಮುಖ ನೋಡಿ ಹೇಳಿದವನು, ಬೇಕು ಎಂದ ಒಬ್ಬನನ್ನು ನಕ್ಕು ಕಳಿಸಿದ್ದ. ನನಗೆ ಇದು ಗೊತ್ತಿರಲಿಲ್ಲ. ಮೈ ಅವರವರದು, ಇಷ್ಟ ಅವರವರದು ಎಂದು ಇಪ್ಪತ್ತು ವರ್ಷ ಗಂಟಲು ಹರಿದುಕೊಂಡ ಮನುಷ್ಯ ಸತ್ತವನ ಇಷ್ಟಕ್ಕೆ ಕೊಟ್ಟ ಬೆಲೆ ಇದು. ಸ್ಪ್ಯಾನರ್ ಕಿತ್ತುಕೊಂಡು ಅವನ ಮೇಲೇ ಎಸೆಯಬೇಕು ಅನಿಸಿತು.

ಅವನು ಹೊರಗೆ ಬಂದ. ಬಿಚ್ಚಿದ ಬೋಲ್ಟು ಅಂಗೈಯಲ್ಲಿತ್ತು. ಆಯಮ್ಮ ಅವನನ್ನು ನೋಡಿದಳು.

"ಹಂಗಾದ್ರೆ ನಾನಲ್ವಾ?"

"ನೀವಲ್ಲಮ್ಮ. ನೀವು ಕಟ್ಟಿದ್ದು ಸರಿಯಾಗೇ ಇತ್ತು."

ಅವಳು ಕುರ್ಚಿಯಲ್ಲಿ ಕೂತಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ತನ್ನ ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಅತ್ತಿಗೆ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಆಯಮ್ಮ ಅವಳನ್ನು ದೂರ ತಳ್ಳಲೂ ಇಲ್ಲ, ಮುಟ್ಟಲೂ ಇಲ್ಲ.

"ಬಿಚ್ಚಿದ್ದನ್ನ ವಾಪಸ್ ಹಾಕಿ" ಎಂದಳು ಅಣ್ಣನಿಗೆ. "ನನ್ನ ಮಗಳ ಬೆಲ್ಟ್?"

"ಕತ್ತರಿಸಿದ್ದನ್ನ ಹೊಲಿಯೋಕೆ ಬರಲ್ಲಮ್ಮ, ತಡೆಯಲ್ಲ. ಹೊಸದು ತರ್ತೀನಿ. ಮೂರೂವರೆ ಒಳಗೆ ಹಾಕ್ತೀನಿ."

"ಮೇಷ್ಟ್ರೆ, ಅವರು ಹೆಂಗೆ ಹೋದ್ರು ಅಂತ ನಿಮಗೆ ಯಾವತ್ತು ಗೊತ್ತಾಯ್ತು?"

"ಅವತ್ತೇ. ಆಸ್ಪತ್ರೇಲಿ ಡಾಕ್ಟರು ಹೇಳಿದ್ರು."

"ನಮ್ಮನೆ ಎಲ್ಲಿದೆ ಗೊತ್ತಲ್ಲ?"

ಅಣ್ಣ ಎರಡು ಬೀದಿ ಆಚೆಗೆ ಕೈ ತೋರಿಸಿದ.

"ಇಪ್ಪತ್ತೊಂದು ದಿನ" ಎಂದಳು ಅವಳು. "ನಾನು ಈ ಕೈಯಲ್ಲಿ ಅನ್ನ ಮುಟ್ಟಿಲ್ಲ. ಮಗಳು ತಿನ್ನಿಸ್ತಾಳೆ, ಮಾತು ಬಿಟ್ರೂ ತಿನ್ನಿಸ್ತಾಳೆ. ನೀವು ಇಲ್ಲೇ ಕೂತು ಹೊಲೀತಿದ್ರಾ?"

ಆಗ ಅವಳು ನನ್ನ ಕಡೆ ತಿರುಗಿದಳು.

"ನಿಮಗೂ ಗೊತ್ತಿತ್ತಾ?"

ಇಷ್ಟು ದಿನ ಅಣ್ಣನ ಮೇಲೆ ಕೂಗಾಡಿದ ಬಾಯಿ ನನ್ನದು. ಅಷ್ಟನ್ನೂ ಈ ಮಿಷನ್ನಿನ ಮುಂದೆ ಕೂತೇ ಕೂಗಾಡಿದ್ದೆ.

"ಗೊತ್ತಿತ್ತು" ಎಂದೆ.